ಹದಿನೆಂಟು ಚುನಾವಣೆ, ಎಂಟು ಪ್ರತಿನಿಧಿಗಳು: ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಚರಿತ್ರೆ

ಶಾಸನ, ಕಾವ್ಯ, ಕೈಫಿಯತ್ತುಗಳನ್ನು ಚರಿತ್ರೆಯ ಆಕರಗಳೆಂದು ಒಪ್ಪಿಕೊಂಡಿರುವ ನಮ್ಮ ವಿದ್ವತ್‌ಲೋಕವು ಚುನಾವಣೆಯ ಫಲಿತಾಂಶ ಪಟ್ಟಿಯನ್ನು ಆ ಸಾಲಿಗೆ ಸೇರಿಸುವುದು ವಿರಳ. ಅದು ಪತ್ರಿಕೆಯವರ ಸರಕು, ಫಲಿತಾಂಶ ಬಂದ ಮರುವಾರವೇ ಹಳತಾಗುವ ಸುದ್ದಿ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಎಪ್ಪತ್ತು ವರ್ಷಗಳ ಪಟ್ಟಿಯನ್ನು ಒಂದೆಡೆ ಇಟ್ಟು ಓದಿದಾಗ ಒಂದು ಪ್ರದೇಶದ ಸಾಮಾಜಿಕ ಬದುಕಿನ ಅನೇಕ ಸಂಗತಿಗಳು ಗೋಚರಿಸುತ್ತವೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ದೃಷ್ಟಿಯಿಂದ ವಿಶೇಷ ಆಸಕ್ತಿಯನ್ನು ಹುಟ್ಟಿಸಬಲ್ಲ ಕ್ಷೇತ್ರವೆಂದರೆ ಉತ್ತರ ಕನ್ನಡ.

1952ರಿಂದ 2024ರವರೆಗೆ ಈ ಕ್ಷೇತ್ರವು ಹದಿನೆಂಟು ಸಾರ್ವತ್ರಿಕ ಚುನಾವಣೆಗಳನ್ನು ಕಂಡಿದೆ. ಈ ಹದಿನೆಂಟು ಬಾರಿಯೂ ಸೇರಿ ಆಯ್ಕೆಯಾದವರು ಎಂಟು ಜನ ಮಾತ್ರ. ಜೋಕಿಮ್ ಆಳ್ವ ಮೂರು ಸಲ, ದಿನಕರ ದೇಸಾಯಿ ಒಂದು ಸಲ, ಬಿ.ವಿ. ನಾಯಕ ಮತ್ತು ಬಿ.ಪಿ. ಕದಂ ಒಂದೊಂದು ಸಲ, ಜಿ. ದೇವರಾಯ ನಾಯ್ಕ ನಾಲ್ಕು ಸಲ, ಅನಂತಕುಮಾರ್ ಹೆಗಡೆ ಆರು ಸಲ, ಮಾರ್ಗರೆಟ್ ಆಳ್ವ ಒಂದು ಸಲ, ವಿಶ್ವೇಶ್ವರ ಹೆಗಡೆ ಕಾಗೇರಿ ಒಂದು ಸಲ. ಪಕ್ಷಗಳ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗೆಲುವು ಕಾಂಗ್ರೆಸ್ಸಿನದು, ಏಳು ಭಾರತೀಯ ಜನತಾ ಪಕ್ಷದ್ದು. ಉಳಿದ ಒಂದೇ ಒಂದು ಗೆಲುವು ಪಕ್ಷೇತರನದು. ಆ ಪಕ್ಷೇತರನು ಕನ್ನಡದ ಕವಿ.

ಇದೇ ಕ್ಷೇತ್ರದಲ್ಲಿ 1989ರಲ್ಲಿ ಕನ್ನಡದ ಮತ್ತೊಬ್ಬ ದೊಡ್ಡ ಲೇಖಕ ಡಾ. ಶಿವರಾಮ ಕಾರಂತರು ಸ್ಪರ್ಧಿಸಿ ಸೋತರು. ಒಬ್ಬ ಸಾಹಿತಿಯನ್ನು ಗೆಲ್ಲಿಸಿದ ಮತದಾರರು ಇನ್ನೊಬ್ಬರನ್ನು ಏಕೆ ಒಪ್ಪಲಿಲ್ಲ? ಸಭೆ ಸಮಾರಂಭಗಳಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಸುಲಭ ಉತ್ತರಗಳು ಕೇಳಿಬರುತ್ತವೆ: ಆ ಕಾಲದ ಜನ ಸಾಹಿತ್ಯವನ್ನು ಗೌರವಿಸುತ್ತಿದ್ದರು, ಈ ಕಾಲದ ಜನ ಕೈಬಿಟ್ಟರು ಎಂಬುದು ಒಂದು, ಸಾಹಿತಿಗಳಿಗೆ ರಾಜಕೀಯವು ಸಲ್ಲದು ಎಂಬುದು ಇನ್ನೊಂದು. ಕ್ಷೇತ್ರದ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಇವೆರಡೂ ನಿಲ್ಲುವುದಿಲ್ಲ ಎಂಬುದು ಈ ಲೇಖನದ ಅಭಿಪ್ರಾಯ.

ನಾಡು ಮತ್ತು ಹೆಸರು

ಮೊದಲು ಕ್ಷೇತ್ರದ ಸ್ವರೂಪವನ್ನು ಅರಿಯಬೇಕು. 1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಮದರಾಸಿನ ಆಡಳಿತಕ್ಕೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಒಂದೇ ಕರಾವಳಿಯ ಎರಡು ತುಂಡುಗಳು ಹೀಗೆ ಸುಮಾರು ಒಂದು ಶತಮಾನ ಎರಡು ರಾಜಧಾನಿಗಳತ್ತ ಮುಖಮಾಡಿದವು. ಮಂಗಳೂರಿನ ದಾರಿ ಮದರಾಸಿಗೆ, ಕಾರವಾರದ ದಾರಿ ಮುಂಬಯಿಗೆ. ಕಾನೂನು, ಗೇಣಿ ಪದ್ಧತಿ, ಶಿಕ್ಷಣ, ಉದ್ಯೋಗಕ್ಕಾಗಿ ಊರು ಬಿಡುವವರ ದಿಕ್ಕು ಎಲ್ಲವೂ ಇದರಿಂದ ಬೇರೆಯಾದವು. 1952ರ ಪ್ರಥಮ ಚುನಾವಣೆಯಲ್ಲಿ ಈ ಕ್ಷೇತ್ರವು ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 'ಕೆನರಾ' ಎಂಬ ವಸಾಹತು ಕಾಲದ ಹೆಸರು ಲೋಕಸಭೆಯ ಕಡತದಲ್ಲಿ 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೂ ಉಳಿದಿತ್ತು. ಅನಂತರವೇ ಅದು ಅಧಿಕೃತವಾಗಿ 'ಉತ್ತರ ಕನ್ನಡ' ಕ್ಷೇತ್ರವಾಯಿತು.

ಇಂದು ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಹಳಿಯಾಳ ಎಂಬ ಆರು ವಿಧಾನಸಭಾ ಕ್ಷೇತ್ರಗಳೊಂದಿಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಕ್ಷೇತ್ರಗಳೂ ಇದರಲ್ಲಿ ಸೇರಿವೆ. ಕಡಲಂಚಿನ ಮೀನುಗಾರ, ಗಜನಿ ಭೂಮಿಯ ರೈತ, ಘಟ್ಟದ ಮೇಲಿನ ಅಡಕೆ ತೋಟದವರು, ಕಾಡಂಚಿನ ಅತಿಕ್ರಮಣದಾರ, ಬಯಲುಸೀಮೆಯ ಒಕ್ಕಲಿಗ ಇವರೆಲ್ಲ ಒಂದೇ ಕ್ಷೇತ್ರದ ಮತದಾರರು. ಹವ್ಯಕರು, ನಾಮಧಾರಿಗಳು, ನಾಡವರು, ಹಾಲಕ್ಕಿ ಒಕ್ಕಲಿಗರು, ಕೊಂಕಣಿ ಮಾತಿನ ಹಲವು ಸಮುದಾಯಗಳು, ಭಟ್ಕಳದ ನವಾಯತರು, ಹಳಿಯಾಳ ಮತ್ತು ಖಾನಾಪುರದ ಮರಾಠರು, ಯಲ್ಲಾಪುರ ಹಳಿಯಾಳಗಳ ಸಿದ್ದಿಗಳು ಇಲ್ಲಿಯ ಜನ. ಕನ್ನಡ ಕಾವ್ಯಪರಂಪರೆ ನೆನೆಯುವ ಬನವಾಸಿಯೂ ಈ ಕ್ಷೇತ್ರದ ಒಂದು ಗ್ರಾಮ. ಇಂಥ ವೈವಿಧ್ಯದ ನಾಡಿನಲ್ಲಿ ಯಾವ ಒಂದು ವಿಷಯವೂ ಎಲ್ಲರ ವಿಷಯವಾಗುವುದು ಸುಲಭವಲ್ಲ. ಮುಂದಿನ ವಿಚಾರಕ್ಕೆ ಇದು ಮುಖ್ಯ.

ಸ್ವಾತಂತ್ರ್ಯ ಹೋರಾಟದ ಋಣ

ಮೊದಲ ಮೂರು ಚುನಾವಣೆಗಳಲ್ಲಿ, ಅಂದರೆ 1952, 1957 ಮತ್ತು 1962ರಲ್ಲಿ, ಜೋಕಿಮ್ ಆಳ್ವರು ಕಾಂಗ್ರೆಸ್ಸಿನಿಂದ ಆಯ್ಕೆಯಾದರು. ಅವರು ಈ ಜಿಲ್ಲೆಯವರಲ್ಲ. ಉಡುಪಿ ಸಮೀಪದ ಬೆಳ್ಳೆಯಲ್ಲಿ 1907ರಲ್ಲಿ ಜನಿಸಿದ ಆಳ್ವರು ಮುಂಬಯಿಯಲ್ಲಿ ವಕೀಲರೂ ಪತ್ರಕರ್ತರೂ ಆಗಿ ಹೆಸರಾದವರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದವರು. ಪತ್ನಿ ವಯಲೆಟ್ ಆಳ್ವರೊಡನೆ 'ಫೋರಂ' ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ನಡೆಸಿದರು. 1949ರಲ್ಲಿ ಮುಂಬಯಿಯ ಶೆರೀಫರಾಗಿದ್ದರು. 1952ರಲ್ಲಿ ಜೋಕಿಮ್ ಆಳ್ವರು ಲೋಕಸಭೆಗೂ ವಯಲೆಟ್ ಆಳ್ವರು ರಾಜ್ಯಸಭೆಗೂ ಆಯ್ಕೆಯಾಗಿ, ಸಂಸತ್ತಿನಲ್ಲಿ ಒಟ್ಟಿಗೆ ಕುಳಿತ ಮೊದಲ ದಂಪತಿಗಳೆನಿಸಿದರು. ವಯಲೆಟ್ ಆಳ್ವರು 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿಯಾಗಿದ್ದರು.

ಮುಂಬಯಿಯ ಪತ್ರಕರ್ತರೊಬ್ಬರು ಅಂಕೋಲೆ, ಸಿದ್ದಾಪುರಗಳ ಮತ ಪಡೆದದ್ದು ಹೇಗೆ ಎಂದು ಕೇಳಬಹುದು. ಉತ್ತರವು ಅಭ್ಯರ್ಥಿಯಲ್ಲಿರುವುದಕ್ಕಿಂತ ಪಕ್ಷದ ಚರಿತ್ರೆಯಲ್ಲಿದೆ. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆಯು ಕರ್ನಾಟಕದ ಮುಖ್ಯ ಕೇಂದ್ರವಾಗಿತ್ತು. ಅದರ ಬೆನ್ನಿಗೆ ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳಲ್ಲಿ ನಡೆದ ಕರನಿರಾಕರಣೆಯಲ್ಲಿ ರೈತ ಕುಟುಂಬಗಳು ಮನೆ, ಹೊಲ, ಜಾನುವಾರುಗಳನ್ನು ಕಳೆದುಕೊಂಡವು. ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದದ್ದು ಆಗಲೇ. ಆ ತ್ಯಾಗದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಕಾಂಗ್ರೆಸ್ಸಿಗೆ ಕೊಟ್ಟ ಮತವು ಆ ಋಣದ ಸಲ್ಲಿಕೆಯೂ ಆಗಿತ್ತು. ಮೊದಲ ಎರಡು ಚುನಾವಣೆಗಳಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆ ಇರುತ್ತಿತ್ತು. ಮತದಾರನು ಗುರುತು ನೋಡಿ ಚೀಟಿಯನ್ನು ಆ ಪೆಟ್ಟಿಗೆಗೆ ಹಾಕುತ್ತಿದ್ದನು. ಅಕ್ಷರ ಬಾರದ ಬಹುಸಂಖ್ಯಾತರಿಗೆ ಪೆಟ್ಟಿಗೆಯ ಮೇಲಿನ ಜೋಡೆತ್ತಿನ ಚಿತ್ರವೇ ಅಭ್ಯರ್ಥಿಯ ಹೆಸರಾಗಿತ್ತು.

ಆಳ್ವರ ಅವಧಿಯಲ್ಲಿ ಕ್ಷೇತ್ರದ ಉತ್ತರದ ಗಡಿ ಪೋರ್ಚುಗೀಸರ ಗೋವೆಯಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಕಾರವಾರದ ಎದುರಿನ ಅಂಜುದೀವ ದ್ವೀಪವು 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಹಿಡಿತದಲ್ಲಿತ್ತು. ವಸಾಹತುಶಾಹಿಯು ಕಾರವಾರದ ಜನರಿಗೆ ಕಣ್ಣಳತೆಯಲ್ಲೇ ಇದ್ದ ವಾಸ್ತವವಾಗಿತ್ತು. 1962ರ ಚುನಾವಣೆಯು ಗೋವೆಯ ವಿಮೋಚನೆಯಾದ ಎರಡೇ ತಿಂಗಳಲ್ಲಿ ನಡೆಯಿತು.

1967: ದಿನಕರ ದೇಸಾಯಿ

1967ರ ಚುನಾವಣೆ ದೇಶದಾದ್ಯಂತ ಕಾಂಗ್ರೆಸ್ಸಿಗೆ ಹಿನ್ನಡೆ ತಂದಿತು. ಲೋಕಸಭೆಯಲ್ಲಿ ಅದರ ಬಲ 283ಕ್ಕೆ ಇಳಿಯಿತು. ಮೈಸೂರು ರಾಜ್ಯದಲ್ಲಿ ಮಾತ್ರ ಅಧಿಕಾರ ಅದರ ಕೈಯಲ್ಲೇ ಉಳಿಯಿತು. ಈ ರಾಜ್ಯದಲ್ಲಿಯೇ, ಈ ಕ್ಷೇತ್ರದಲ್ಲಿ, ಪಕ್ಷೇತರರಾಗಿ ನಿಂತ ದಿನಕರ ದೇಸಾಯಿಯವರು ಗೆದ್ದರು. ವಿಧಾನಸಭೆಗೂ ಲೋಕಸಭೆಗೂ ಏಕಕಾಲದಲ್ಲಿ ಮತದಾನ ನಡೆಯುತ್ತಿದ್ದ ಕಾಲವದು. ಊರೂರಿನಲ್ಲಿ ವಿಧಾನಸಭಾ ಅಭ್ಯರ್ಥಿಗಳ ಪಡೆ ಪಕ್ಷದ ಲೋಕಸಭಾ ಅಭ್ಯರ್ಥಿಗೂ ಮತ ಕೇಳುತ್ತಿತ್ತು. ಪಕ್ಷೇತರನಿಗೆ ಆ ಸೌಕರ್ಯವಿಲ್ಲ. ಆದರೂ ದೇಸಾಯಿಯವರು ಗೆದ್ದರೆಂದರೆ ಅವರಿಗೆ ಬೇರೊಂದು ಪಡೆ ಇದ್ದಿರಲೇಬೇಕು.

ಆ ಪಡೆಯ ಚರಿತ್ರೆ ಮೂವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. 1909ರಲ್ಲಿ ಅಂಕೋಲೆ ತಾಲೂಕಿನಲ್ಲಿ ಜನಿಸಿದ ದೇಸಾಯಿಯವರು ಗೋಪಾಲಕೃಷ್ಣ ಗೋಖಲೆ ಸ್ಥಾಪಿಸಿದ 'ಭಾರತ ಸೇವಕ ಸಮಾಜ'ದ ಸದಸ್ಯರಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿ ಕಾರ್ಮಿಕರ, ವಿಶೇಷತಃ ಹಡಗಿನ ನಾವಿಕರ ನಡುವೆ ಕೆಲಸ ಮಾಡಿದರು. ಭಾರತದ ಪ್ರಾಥಮಿಕ ಶಿಕ್ಷಣ ಮತ್ತು ಹಡಗು ಕಾರ್ಮಿಕರ ಸ್ಥಿತಿಗತಿಗಳ ಬಗ್ಗೆ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. 1930ರ ದಶಕದ ಕೊನೆಯಲ್ಲಿ ತಮ್ಮ ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿ ರೈತಕೂಟವನ್ನು ಕಟ್ಟಿದರು. ಕರಾವಳಿಯ ಗದ್ದೆಗಳಲ್ಲಿ ದುಡಿಯುವವನು ಬೇರೆ, ಒಡೆಯ ಬೇರೆ. ಬೆಳೆದ ಭತ್ತದ ದೊಡ್ಡ ಪಾಲು ಗೇಣಿಯಾಗಿ ಒಡೆಯನ ಕಣಜಕ್ಕೆ ಹೋಗುತ್ತಿತ್ತು. ಕರನಿರಾಕರಣೆಯು ಸರ್ಕಾರದ ವಿರುದ್ಧ ಒಡೆಯ ಮತ್ತು ಒಕ್ಕಲು ಇಬ್ಬರನ್ನೂ ಒಂದುಗೂಡಿಸಿದ್ದರೆ, ರೈತಕೂಟವು ಒಕ್ಕಲಿನ ಪ್ರಶ್ನೆಯನ್ನು ಒಡೆಯನ ಮುಂದೆಯೇ ಇಟ್ಟಿತು. ಪರಿಣಾಮವಾಗಿ ಬ್ರಿಟಿಷ್ ಸರ್ಕಾರವು ದೇಸಾಯಿಯವರನ್ನು ಐದು ವರ್ಷ ಜಿಲ್ಲೆಯಿಂದ ಗಡೀಪಾರು ಮಾಡಿತು.

ಸ್ವಾತಂತ್ರ್ಯಾನಂತರ ಅವರು ಶಿಕ್ಷಣದ ಕಡೆಗೆ ತಿರುಗಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪನೆಯಾಯಿತು. ಪ್ರೌಢಶಾಲೆಯೆಂದರೆ ತಾಲೂಕು ಕೇಂದ್ರಕ್ಕೆ ಹೋಗಬೇಕಾಗಿದ್ದ ಕಾಲದಲ್ಲಿ ಟ್ರಸ್ಟ್ ಹಳ್ಳಿಗಳ ಸನಿಹಕ್ಕೆ 'ಜನತಾ ವಿದ್ಯಾಲಯ'ಗಳನ್ನು ಒಯ್ದಿತು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. 'ಜನಸೇವಕ' ವಾರಪತ್ರಿಕೆ ಜಿಲ್ಲೆಯ ಆಗುಹೋಗುಗಳನ್ನು ಓದುಗರ ಮುಂದಿಟ್ಟಿತು. ಹೀಗೆ 1967ರಲ್ಲಿ ಮತ ಕೇಳಲು ಹೊರಟಾಗ ದೇಸಾಯಿಯವರ ಹಿಂದೆ ಪಕ್ಷವಿರಲಿಲ್ಲವಾದರೂ ಗೇಣಿಯ ಹೋರಾಟದಲ್ಲಿ ಜೊತೆಗಿದ್ದ ಒಕ್ಕಲುಗಳು, ಶಾಲೆಗಳ ಶಿಕ್ಷಕರು, ಮೊದಲ ಬಾರಿಗೆ ಪ್ರೌಢಶಾಲೆಯ ಮೆಟ್ಟಿಲೇರಿದ ಮಕ್ಕಳ ತಂದೆತಾಯಿಗಳು ಇದ್ದರು.

ಇನ್ನು ಅವರ ಕವಿತ್ವ. ನಾಲ್ಕು ಸಾಲಿನ ಚುಟುಕವನ್ನು ಕನ್ನಡದಲ್ಲಿ ಜನಪ್ರಿಯ ಪ್ರಕಾರವನ್ನಾಗಿಸಿ 'ಚುಟುಕ ಬ್ರಹ್ಮ' ಎನಿಸಿಕೊಂಡವರು ಅವರು. ಅವರ ಚುಟುಕಗಳಲ್ಲಿ ಭ್ರಷ್ಟಾಚಾರ, ಪುಢಾರಿಗಳ ಡಂಭ, ಬಡವನ ಹಸಿವು ಮತ್ತೆ ಮತ್ತೆ ಬರುತ್ತವೆ. ನಾಲ್ಕೇ ಸಾಲು, ಪ್ರಾಸ, ಆಡುಮಾತಿನ ಚುರುಕು ಇವುಗಳಿಂದಾಗಿ ಅವು ಪುಸ್ತಕವಿಲ್ಲದೆಯೂ ಬಾಯಿಂದ ಬಾಯಿಗೆ ಸಾಗಬಲ್ಲವು. ಈ ಗುಣವು ಸಾರ್ವಜನಿಕ ಜೀವನದಲ್ಲಿ ಅವರಿಗೆ ನೆರವಾಗಿರಬಹುದು. ಆದರೆ ಕವಿಯೆಂದು ಅವರನ್ನು ಗೆಲ್ಲಿಸಿದರು ಎನ್ನುವುದು ಕಾರ್ಯಕಾರಣವನ್ನು ತಲೆಕೆಳಗು ಮಾಡಿದಂತೆ. ರೈತಕೂಟ ಮತ್ತು ಶಾಲೆಗಳು ಯಾವ ಅನುಭವದಿಂದ ಹುಟ್ಟಿದವೋ ಚುಟುಕಗಳೂ ಅದೇ ಅನುಭವದಿಂದ ಹುಟ್ಟಿದವು. ಮತದಾರರು ಒಪ್ಪಿದ್ದು ಆ ಕೆಲಸವನ್ನು. ಇದಕ್ಕೆ ಪೂರಕವಾದ ಉದಾಹರಣೆಯೊಂದು ಬೆಂಗಳೂರಿನದು. ನವ್ಯಕಾವ್ಯದ ಆಚಾರ್ಯರೆನಿಸಿದ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಅಲ್ಲಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅಡಿಗರ ಕವಿತ್ವದಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು.

ಭೂಸುಧಾರಣೆಯ ಕಾಲ

1971ರಲ್ಲಿ ಇಂದಿರಾ ಗಾಂಧಿಯವರ ಅಲೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಕಾಂಗ್ರೆಸ್ಸಿಗೆ ಸಂದವು. ಕೆನರಾ ಕ್ಷೇತ್ರದಲ್ಲಿ ಬಿ.ವಿ. ನಾಯಕ ಆಯ್ಕೆಯಾದರು. ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತವು ಕಾಂಗ್ರೆಸ್ಸನ್ನು ಬುಡಸಮೇತ ಕಿತ್ತೊಗೆದರೂ ಕರ್ನಾಟಕದ 28ರಲ್ಲಿ 26 ಸ್ಥಾನಗಳು ಆ ಪಕ್ಷಕ್ಕೇ ಉಳಿದವು, ಇಲ್ಲಿ ಬಿ.ಪಿ. ಕದಂ ಗೆದ್ದರು. 1980, 1984, 1989, 1991ರ ನಾಲ್ಕೂ ಚುನಾವಣೆಗಳಲ್ಲಿ ಜಿ. ದೇವರಾಯ ನಾಯ್ಕರು ಆಯ್ಕೆಯಾದರು.

ಈ ಇಪ್ಪತ್ತೈದು ವರ್ಷಗಳ ಕಾಂಗ್ರೆಸ್ ನಿಷ್ಠೆಗೆ ಕೇವಲ ಇಂದಿರಾ ಗಾಂಧಿಯವರ ವರ್ಚಸ್ಸನ್ನು ಕಾರಣವಾಗಿ ಹೇಳಿದರೆ ಸಾಲದು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಗೇಣಿದಾರರು ಹೆಚ್ಚಾಗಿದ್ದ ಕರಾವಳಿ ಮತ್ತು ಮಲೆನಾಡು ಜಿಲ್ಲೆಗಳಲ್ಲಿಯೇ ಅದರ ಫಲ ಅತ್ಯಧಿಕ. ದೇಸಾಯಿಯವರ ರೈತಕೂಟ ಎತ್ತಿದ್ದ ಪ್ರಶ್ನೆಗೆ ಮೂರೂವರೆ ದಶಕಗಳ ಬಳಿಕ ಕಾನೂನಿನ ಉತ್ತರ ಸಿಕ್ಕಿತು. ಆದರೆ ಭೂಮಿಯ ಹಕ್ಕುಪತ್ರ ಕೊಟ್ಟವರು ಕಾಂಗ್ರೆಸ್ಸಿನವರು. ಕರನಿರಾಕರಣೆಯ ಋಣ ಒಂದು ತಲೆಮಾರಿನಲ್ಲಿ ತೀರುತ್ತಿದ್ದ ಹೊತ್ತಿಗೆ ಗದ್ದೆಯ ಹಕ್ಕಿನ ಋಣ ಮತ್ತೊಂದು ತಲೆಮಾರಿಗೆ ದೊರೆಯಿತು ಎಂದು ಊಹಿಸಲು ಅವಕಾಶವಿದೆ.

ಇದೇ ಕಾಲದಲ್ಲಿ ಸಿದ್ದಾಪುರ ತಾಲೂಕಿನ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಆದರೆ ಅವರ ಆಡಳಿತವಿದ್ದಾಗಲೇ ನಡೆದ 1984ರ ಲೋಕಸಭಾ ಚುನಾವಣೆಯಲ್ಲಿ ಅವರ ತವರು ಕ್ಷೇತ್ರ ಕಾಂಗ್ರೆಸ್ಸಿಗೇ ಒಲಿಯಿತು. ಜಿಲ್ಲೆಯಿಂದ ಬಂದ ಅತ್ಯಂತ ಪ್ರಭಾವಿ ರಾಜಕಾರಣಿಯ ಹೆಸರು ಈ ಕ್ಷೇತ್ರದ ಎಂಟು ಪ್ರತಿನಿಧಿಗಳಲ್ಲಿಲ್ಲ.

1989: ಶಿವರಾಮ ಕಾರಂತ

1980ರ ದಶಕದಲ್ಲಿ ಜಿಲ್ಲೆಯ ಮುಂದೆ ಹೊಸ ಪ್ರಶ್ನೆಯೊಂದು ಎದ್ದಿತು. ಕಾಳಿ ನದಿಗೆ ಸೂಪಾದಲ್ಲಿ ಕಟ್ಟಿದ ಅಣೆಕಟ್ಟು ಊರುಗಳನ್ನು ಮುಳುಗಿಸಿತು. ಬೇಡ್ತಿ ಜಲವಿದ್ಯುತ್ ಯೋಜನೆಯ ಪ್ರಸ್ತಾಪ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಸಂಘವು 1981ರ ಜನವರಿಯಲ್ಲಿ ವಿಚಾರ ಸಂಕಿರಣ ಏರ್ಪಡಿಸಿ ವಿಜ್ಞಾನಿಗಳಿಂದಲೇ ಲಾಭನಷ್ಟಗಳ ಚರ್ಚೆ ನಡೆಸಿತು. ಯೋಜನೆ ಹಿಂದೆ ಸರಿಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲಕಣಿ ಸುತ್ತಿನ ಹಳ್ಳಿಗರು ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. 1986ರಲ್ಲಿ ಕಾರವಾರದ ಬಳಿ ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸವಾಗಿ ಕಡಲಂಚಿನ ಹಳ್ಳಿಗಳಿಗೆ ಎತ್ತಂಗಡಿಯ ಭೀತಿ ಬಂತು. ಕಾಳಿ ಕಣಿವೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರದ ಕಾಮಗಾರಿಗೂ ಸಿದ್ಧತೆ ನಡೆಯಿತು.

ಕೈಗಾ ವಿರೋಧಿ ಹೋರಾಟದ ಮುಂಚೂಣಿಯಲ್ಲಿದ್ದವರಲ್ಲಿ ಶಿವರಾಮ ಕಾರಂತರೂ ಒಬ್ಬರು. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ ಜ್ಞಾನಪೀಠ ಪಡೆದಿದ್ದ, ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದ ಅವರು ಆ ವೇಳೆಗೆ ಪರಿಸರದ ಅಧ್ಯಯನದಲ್ಲಿ ತೊಡಗಿದ್ದರು. ಭಾರತದ ಪರಿಸರದ ಸ್ಥಿತಿಯನ್ನು ಕುರಿತ ನಾಗರಿಕ ವರದಿಯನ್ನು ಕನ್ನಡಕ್ಕೆ ತಂದಿದ್ದರು. 1989ರ ನವೆಂಬರಿನಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಅವರು ಪರಿಸರದ ಪ್ರಶ್ನೆಯನ್ನು ಮುಂದಿಟ್ಟು ಈ ಕ್ಷೇತ್ರದಿಂದ ಸ್ಪರ್ಧಿಸಿದರು. ದೇವರಾಯ ನಾಯ್ಕರು ಮರು ಆಯ್ಕೆಯಾದರು, ಕಾರಂತರು ಸೋತರು.

ಈ ಸೋಲಿನ ಕಾರಣಗಳನ್ನು ವಸ್ತುನಿಷ್ಠವಾಗಿ ಪರಿಶೀಲಿಸಬೇಕು. ಮೊದಲನೆಯದು ಸಂದರ್ಭ. ವಿಧಾನಸಭಾ ಚುನಾವಣೆಯೂ ಅದರೊಂದಿಗೇ ನಡೆಯಿತು. ರಾಜ್ಯದ 224 ಸ್ಥಾನಗಳಲ್ಲಿ 178ನ್ನು, ಲೋಕಸಭೆಯ 28ರಲ್ಲಿ 27ನ್ನು ಕಾಂಗ್ರೆಸ್ ಗೆದ್ದ ಚುನಾವಣೆಯದು. ಎರಡನೆಯದು ಕ್ಷೇತ್ರದ ವಿಸ್ತಾರ. ಕೈಗಾ ಇರುವುದು ಕಾರವಾರ ತಾಲೂಕಿನಲ್ಲಿ. ಬಯಲು ಭಾಗದ ಮತದಾರನಿಗೂ ಭಟ್ಕಳದ ಮೀನುಗಾರನಿಗೂ ಅಣುವಿಕಿರಣದ ಅಪಾಯವು ತನ್ನ ನಿತ್ಯದ ಪ್ರಶ್ನೆಯೆಂದು ಕಂಡಿರಲಾರದು. ಮೂರನೆಯದು ಪ್ರಶ್ನೆಯ ಸ್ವರೂಪ. ಗೇಣಿ ಎಂಬುದು ಪ್ರತಿ ವರ್ಷ ಸುಗ್ಗಿಯಲ್ಲಿ ಅಳೆದು ಕೊಡಬೇಕಾದ ಭತ್ತ. ಅದರ ಭಾರ ಒಕ್ಕಲಿನ ಹೆಗಲಿಗೆ ಗೊತ್ತು. ಅಣುಸ್ಥಾವರದ ಅಪಾಯವಾದರೋ ಮುಂದೆ ಸಂಭವಿಸಬಹುದಾದದ್ದು, ತಜ್ಞರು ವಿವರಿಸಬೇಕಾದದ್ದು. ಅದರ ಜೊತೆಗೆ ಸ್ಥಾವರವು ಉದ್ಯೋಗದ ಭರವಸೆಯನ್ನೂ ತಂದಿತ್ತು. ನಾಲ್ಕನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಸಂಘಟನೆ. ಕಾರಂತರ ಕಾರ್ಯಕ್ಷೇತ್ರ ಕೋಟ ಮತ್ತು ಪುತ್ತೂರು. ಅವರ ಕೀರ್ತಿ ಇಡೀ ಕನ್ನಡನಾಡಿನದು. ಈ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಮೂವತ್ತು ವರ್ಷ ಕಟ್ಟಿದ ಕೂಟಗಳಾಗಲಿ ಶಾಲೆಗಳಾಗಲಿ ಅವರ ಬೆನ್ನಿಗಿರಲಿಲ್ಲ.

ಆದ್ದರಿಂದ ದೇಸಾಯಿಯವರ ಗೆಲುವಿಗೆ ಅನ್ವಯಿಸುವ ಮಾತು ಕಾರಂತರ ಸೋಲಿಗೂ ಅನ್ವಯಿಸುತ್ತದೆ. ಒಬ್ಬರು ಕವಿಯೆಂದು ಗೆಲ್ಲಲಿಲ್ಲ, ಇನ್ನೊಬ್ಬರು ಕಾದಂಬರಿಕಾರರೆಂದು ಸೋಲಲಿಲ್ಲ. ಸೋಲಿನಿಂದ ಕಾರಂತರ ಪ್ರಶ್ನೆ ಇಲ್ಲವಾಗಲೂ ಇಲ್ಲ. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದ ಕೈಗಾ ಸ್ಥಾವರದ ಕಾಂಕ್ರೀಟ್ ಗುಮ್ಮಟದ ಒಳಭಾಗ ಕಳಚಿ ಬಿದ್ದಾಗ ಸುರಕ್ಷತೆಯ ಚರ್ಚೆ ಮತ್ತೆ ತಲೆಯೆತ್ತಿತು. ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆ ಆರಂಭಿಸಿದವು. ಅದೇ ಸ್ಥಾವರದ ಒಂದನೆಯ ಘಟಕವು 2018ರ ಅಂತ್ಯದವರೆಗೆ ಸತತ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು ಎಂಬುದನ್ನೂ ಚರಿತ್ರೆಕಾರನು ದಾಖಲಿಸಬೇಕು. ಯಾರ ಮಾತು ಸರಿ ಎಂಬ ತೀರ್ಪನ್ನು 1989ರ ಮತಪೆಟ್ಟಿಗೆ ಕೊಟ್ಟಿಲ್ಲ. ಅದಕ್ಕೆ ಆ ಪ್ರಶ್ನೆಯನ್ನು ಕೇಳಿರಲೂ ಇಲ್ಲ.

1996ರ ನಂತರ

1990ರ ದಶಕದ ತಿರುವು ಭಟ್ಕಳದಿಂದ ಆರಂಭವಾಯಿತು. 1993ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಕೋಮುಗಲಭೆ ನಡೆಯಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಅದರ ವಿಚಾರಣೆ ನಡೆಸಿತು. 1994ರಲ್ಲಿ ಭಟ್ಕಳದಿಂದ ಭಾಜಪ ಶಾಸಕರಾಗಿ ಆಯ್ಕೆಯಾದ ಡಾ. ಯು. ಚಿತ್ತರಂಜನ್ ಅವರನ್ನು 1996ರ ಏಪ್ರಿಲ್ 10ರಂದು, ಲೋಕಸಭಾ ಚುನಾವಣೆಯ ಪ್ರಚಾರ ನಡೆಯುತ್ತಿದ್ದಾಗಲೇ, ಹತ್ಯೆ ಮಾಡಲಾಯಿತು. ಆ ಚುನಾವಣೆಯಲ್ಲಿ ಜನತಾದಳ ರಾಜ್ಯದಲ್ಲಿ 16 ಸ್ಥಾನ ಗೆದ್ದರೂ ಈ ಕ್ಷೇತ್ರದಲ್ಲಿ ಭಾಜಪದ ಅನಂತಕುಮಾರ್ ಹೆಗಡೆ ಗೆದ್ದರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. 1998ರಲ್ಲಿ ಮತ್ತೆ ಗೆದ್ದರು.

1999ರಲ್ಲಿ ರಾಜ್ಯದಾದ್ಯಂತ ಕಾಂಗ್ರೆಸ್ ಪರ ಗಾಳಿ ಬೀಸಿದಾಗ ಮಾರ್ಗರೆಟ್ ಆಳ್ವ ಇಲ್ಲಿಂದ ಆಯ್ಕೆಯಾದರು. ಅವರು ಜೋಕಿಮ್ ಮತ್ತು ವಯಲೆಟ್ ಆಳ್ವರ ಸೊಸೆ. ಮಾವನವರು ಕೊನೆಯದಾಗಿ ಗೆದ್ದ 37 ವರ್ಷಗಳ ಮೇಲೆ ಅದೇ ಕ್ಷೇತ್ರ ಸೊಸೆಗೆ ಒಲಿಯಿತು. ಆದರೆ 2004ರಲ್ಲಿ ಹೆಗಡೆಯವರು ಅವರನ್ನು ಸೋಲಿಸಿದರು. 2009ರಲ್ಲಿ ಇವರಿಬ್ಬರ ನಡುವಿನ ಅಂತರ 22,769 ಮತ ಮಾತ್ರ. 2014ರಲ್ಲಿ ಪ್ರಶಾಂತ ದೇಶಪಾಂಡೆಯವರ ವಿರುದ್ಧ ಹೆಗಡೆಯವರ ಅಂತರ 1,40,700ಕ್ಕೆ ಏರಿತು. 2019ರಲ್ಲಿ ಕಾಂಗ್ರೆಸ್ ಮೈತ್ರಿಯಲ್ಲಿ ಜಾತ್ಯತೀತ ಜನತಾದಳದ ಆನಂದ ಅಸ್ನೋಟಿಕರ್ ಎದುರಾಳಿಯಾಗಿದ್ದಾಗ ಅದು 4,79,649 ಆಯಿತು. 2024ರಲ್ಲಿ ಹೆಗಡೆಯವರಿಗೆ ಪಕ್ಷದ ಟಿಕೆಟ್ ಸಿಗಲಿಲ್ಲ. ವಿಧಾನಸಭೆಯ ಮಾಜಿ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್ ಅವರನ್ನು 3,37,428 ಮತಗಳಿಂದ ಸೋಲಿಸಿದರು. ಹಿಂದಿನ ವರ್ಷವಷ್ಟೇ ಶಿರಸಿ ವಿಧಾನಸಭಾ ಕ್ಷೇತ್ರದಲ್ಲಿ ಸೋತಿದ್ದ ಅಭ್ಯರ್ಥಿ ಮರುವರ್ಷ ಇಡೀ ಲೋಕಸಭಾ ಕ್ಷೇತ್ರದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಗೆದ್ದದ್ದು, ಮತದಾರರು ಎರಡು ಚುನಾವಣೆಗಳನ್ನು ಎರಡು ಬೇರೆ ಅಳತೆಗೋಲುಗಳಿಂದ ಅಳೆಯುತ್ತಾರೆ ಎಂಬುದಕ್ಕೆ ನಿದರ್ಶನ.

ಈ ಅವಧಿಯನ್ನು ಕೇವಲ ಭಾಷಣಗಳ ಕಾವಿನಿಂದ ವಿವರಿಸುವ ಪರಿಪಾಠವಿದೆ. ಭಾಷಣಗಳ ಪಾತ್ರವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅವುಗಳ ಹಿಂದೆ ಶಾಖೆ, ಉತ್ಸವ ಸಮಿತಿ, ಯುವಕ ಸಂಘಗಳ ದೀರ್ಘಕಾಲದ ಜಾಲವಿತ್ತು. ಗುರಿ ಮತ್ತು ತತ್ತ್ವದಲ್ಲಿ ರೈತಕೂಟಕ್ಕೂ ಇದಕ್ಕೂ ಸಾಮ್ಯವಿಲ್ಲ. ಆದರೆ ಚುನಾವಣೆಗೆ ಬಹಳ ಮೊದಲೇ ಹಳ್ಳಿಯ ನಿತ್ಯಜೀವನದಲ್ಲಿ ಬೇರೂರುವ ಕ್ರಮ ಎರಡರಲ್ಲೂ ಒಂದೇ. ಇನ್ನೊಂದು ಕಡೆ, ಅರಣ್ಯಹಕ್ಕು, ಅತಿಕ್ರಮಣ ಸಕ್ರಮ, ಸೀಬರ್ಡ್ ನಿರಾಶ್ರಿತರ ಪರಿಹಾರ, ಹಾಲಕ್ಕಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಮೊದಲಾದ ಪ್ರಶ್ನೆಗಳು ದಶಕಗಳಿಂದ ಜೀವಂತವಾಗಿದ್ದರೂ ಅವುಗಳನ್ನೆಲ್ಲ ಒಂದು ಸೂತ್ರದಲ್ಲಿ ಪೋಣಿಸುವ ಸಂಘಟನೆ ಮೂಡಲಿಲ್ಲ. ಆದ್ದರಿಂದ ಅವು ಮನವಿಪತ್ರಗಳಲ್ಲಿ ಉಳಿದವು, ಫಲಿತಾಂಶಗಳಲ್ಲಿ ಕಾಣಿಸಲಿಲ್ಲ.

ಸಂಶೋಧಕರಿಗೆ

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು. ಈ ಕ್ಷೇತ್ರವು ಮೂರು ದೀರ್ಘ ನಿಷ್ಠೆಗಳನ್ನು ಕಂಡಿದೆ: ಸ್ವಾತಂತ್ರ್ಯ ಹೋರಾಟದ ಕಾಂಗ್ರೆಸ್, ಭೂಸುಧಾರಣೆಯ ಕಾಂಗ್ರೆಸ್, 1996ರ ನಂತರದ ಭಾಜಪ. ಪ್ರತಿಯೊಂದರ ಹಿಂದೆಯೂ ಮತದಾನದ ದಿನಕ್ಕಿಂತ ಹತ್ತಿಪ್ಪತ್ತು ವರ್ಷ ಮುಂಚಿನಿಂದ ನಡೆದ ಕೆಲಸವಿದೆ. ದಿನಕರ ದೇಸಾಯಿಯವರ ಗೆಲುವು ಕೂಡ ಈ ನಿಯಮವನ್ನು ಮೀರಿದ್ದಲ್ಲ. ಪಕ್ಷವಿಲ್ಲದೆಯೂ ಆ ಕೆಲಸ ಸಾಧ್ಯವೆಂಬುದನ್ನು ಅದು ತೋರಿಸಿತು. ಅದು ಮತ್ತೆ ಸಂಭವಿಸಿಲ್ಲ ಎಂಬುದೂ ಅಷ್ಟೇ ಸತ್ಯ.

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ದೇಸಾಯಿಯವರಿಗೆ ಚುಟುಕದ ಅಧ್ಯಾಯದಲ್ಲಿ ಸ್ಥಾನವಿದೆ, ಅವರ ಸಂಸತ್ ಸದಸ್ಯತ್ವಕ್ಕೆ ಅರ್ಧ ವಾಕ್ಯ ಮೀಸಲು. ಕಾರಂತರ ಜೀವನ ಚಿತ್ರಣಗಳಲ್ಲಿ 1989ರ ಸ್ಪರ್ಧೆ ಒಂದು ವಿಚಿತ್ರ ಸಾಹಸವೆಂಬಂತೆ ಬಂದು ಹೋಗುತ್ತದೆ. ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡುವ ಸ್ವತಂತ್ರ ಅಧ್ಯಯನವೊಂದು ನಡೆಯಬೇಕು. ಲೋಕಸಭೆಯ ನಡಾವಳಿಗಳಲ್ಲಿ 1967ರಿಂದ 1970ರವರೆಗಿನ ದೇಸಾಯಿಯವರ ಪ್ರಶ್ನೆಗಳು ಮತ್ತು ಭಾಷಣಗಳು, 'ಜನಸೇವಕ'ದ ಹಳೆಯ ಸಂಚಿಕೆಗಳು, ಕೈಗಾ ವಿರೋಧಿ ಹೋರಾಟದ ಕರಪತ್ರಗಳು ಅದಕ್ಕೆ ಆಕರವಾಗಬಲ್ಲವು. ಇವೆಲ್ಲ ಮುದ್ರಿತ ಸಾಮಗ್ರಿ. ಆದರೆ ರೈತಕೂಟದ ಸಭೆಗಳಿಗೆ ಬಾಲ್ಯದಲ್ಲಿ ತಂದೆಯ ಜೊತೆ ಹೋದವರು, 1967ರ ಪ್ರಚಾರಕ್ಕೆ ಸೈಕಲ್ ತುಳಿದವರು ಈಗ ಎಂಬತ್ತು ದಾಟಿದವರು. ಅವರ ಮಾತುಗಳನ್ನು ದಾಖಲಿಸುವ ಕೆಲಸವನ್ನಾದರೂ ಅಂಕೋಲೆ, ಕುಮಟಾ, ಶಿರಸಿಗಳ ಕಾಲೇಜು ವಿದ್ಯಾರ್ಥಿಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕು.